ಅಪ್ಪನ ಕೆನ್ನೆಯ ಕ್ಯಾನ್ಸರಿಗೆ ಪ್ರೋಟಾನ್ ಚಿಕಿತ್ಸೆ: ತೋಟ ಮಾರಬೇಕೇ?

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಬಲಗೆನ್ನೆಯ ಒಳಗಿನ ಹುಣ್ಣು ಮಾಯದೆ ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಗಿ ಇಂದಿಗೆ 24 ದಿನ. ಗಡ್ಡೆ 3.2 ಸೆಂ.ಮೀ., ಆಳ 9 ಮಿ.ಮೀ., ಅಂಚುಗಳು ಶುದ್ಧವಾಗಿವೆ, ಕತ್ತಿನ ಎರಡು ದುಗ್ಧರಸ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದೆ, ಆದರೆ ಗ್ರಂಥಿಯ ಕವಚ ಒಡೆದಿಲ್ಲ ಎಂದು ವರದಿಯಲ್ಲಿದೆ. ‘ಹಂತ 4ಎ’ ಎಂದೂ ಬರೆದಿದ್ದಾರೆ. 30 ಸಲ ಐಎಂಆರ್‌ಟಿ ಎಂಬ ಬಗೆಯ ವಿಕಿರಣ ಬೇಕು, ಕೀಮೋ ಬೇಡ ಎಂದು ಅಲ್ಲಿನ ವೈದ್ಯರು ಹೇಳಿದ್ದಾರೆ. ಈ ನಡುವೆ ದುಬೈಯಲ್ಲಿರುವ ಭಾವ ಪ್ರೋಟಾನ್ ಚಿಕಿತ್ಸೆಯ ವೀಡಿಯೊ ಕಳುಹಿಸಿದ್ದಾರೆ. ಅದರಲ್ಲಿ ಅಡ್ಡಪರಿಣಾಮವೇ ಇಲ್ಲವಂತೆ, ಸಾಮಾನ್ಯ ‘ಕರೆಂಟ್’ (ವಿಕಿರಣ) ಕೊಟ್ಟರೆ ಬಾಯಿಯೆಲ್ಲ ಸುಟ್ಟುಹೋಗುತ್ತದಂತೆ. ಚೆನ್ನೈಯಲ್ಲಿ ವಿಚಾರಿಸಿದರೆ ಸುಮಾರು 25 ಲಕ್ಷ ಆಗಬಹುದು ಎಂದರು. ಕೆಳಗಿನ ತೋಟ ಮಾರೋಣ ಎಂದು ದೊಡ್ಡಪ್ಪ, ಮಾರಬೇಡಿ ಎಂದು ಅಪ್ಪ. ನಮ್ಮದು ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆ ಪಂಚಾಯತ್. ಅದರಿಂದ ಬಂದ ಕ್ಯಾನ್ಸರಿಗೆ ಸಾಮಾನ್ಯ ವಿಕಿರಣ ನಾಟುವುದಿಲ್ಲ ಎನ್ನುವವರೂ ಇದ್ದಾರೆ. ಏನು ಮಾಡಲಿ? ಇನ್ನೊಂದು ಸಣ್ಣ ಪ್ರಶ್ನೆ: ಅಪ್ಪ ಎಲೆ ಅಡಿಕೆ ಕೇಳುತ್ತಾರೆ. ಹೊಗೆಸೊಪ್ಪು ಹಾಕದೆ ಅಮ್ಮ ತಿನ್ನುವ ಹಾಗೆ ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 25 ಲಕ್ಷದ ಲೆಕ್ಕವಲ್ಲ, 24 ದಿನದ ಲೆಕ್ಕ. ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಬೇಕೆಂದಾದರೆ ಅದು ಆರು ವಾರಗಳೊಳಗೆ ಆರಂಭವಾಗಬೇಕು. ಶಸ್ತ್ರಚಿಕಿತ್ಸೆಯ ದಿನದಿಂದ ವಿಕಿರಣದ ಕೊನೆಯ ದಿನದವರೆಗೆ ಒಟ್ಟು ಹನ್ನೊಂದು ವಾರ ಮೀರದಂತೆ ನಾವು ನೋಡಿಕೊಳ್ಳುತ್ತೇವೆ. ಗಾಯ ಮಾಯುತ್ತಿರುವಾಗ ಅಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳು ಸುಮ್ಮನೆ ಕೂರುವುದಿಲ್ಲ. ನಿಮಗೆ ಉಳಿದಿರುವುದು 18 ದಿನ. ಅದರಲ್ಲಿ ಮುಖದ ಅಚ್ಚು ತೆಗೆದು, ತಲೆ ಅಲುಗಾಡದಂತೆ ಹಿಡಿಯುವ ಮಾಸ್ಕ್ ಮಾಡುವುದು, ಸಿಟಿ ಸ್ಕ್ಯಾನ್, ಕಂಪ್ಯೂಟರಿನಲ್ಲಿ ಯೋಜನೆ, ಅದರ ಪರಿಶೀಲನೆ ಎಂದು ಒಂದು ವಾರ ಹೋಗುತ್ತದೆ. ಆದ್ದರಿಂದ ಮನೆಯ ಚರ್ಚೆ ಮುಗಿಯುವವರೆಗೆ ಕಾಯದೆ, ಈಗಾಗಲೇ ಹೇಳಿರುವ ಆಸ್ಪತ್ರೆಯಲ್ಲಿ ಮಾಸ್ಕ್‌ಗೆ ದಿನಾಂಕ ಪಡೆಯಿರಿ. ಆಮೇಲೆ ಬೇರೆ ಕಡೆ ಹೋಗುವುದಾದರೂ ಇದರಿಂದ ನಷ್ಟವಿಲ್ಲ.

ತೋಟದ ವಿಷಯಕ್ಕೂ ನೇರವಾಗಿ ಹೇಳುತ್ತೇನೆ. ನೀವು ಬರೆದಿರುವ ವರದಿಯ ಆಧಾರದ ಮೇಲೆ, ನಿಮ್ಮ ತಂದೆಯ ಚಿಕಿತ್ಸೆಗಾಗಿ ತೋಟ ಮಾರುವ ಅಗತ್ಯ ನನಗೆ ಕಾಣುವುದಿಲ್ಲ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಭಾವ ಕಳುಹಿಸಿದ ವೀಡಿಯೊದಲ್ಲಿ ಎಲ್ಲವೂ ಸುಳ್ಳಲ್ಲ.

ಪ್ರೋಟಾನ್ ಎಂಬುದು ಹೊಸ ಔಷಧವೇನೂ ಅಲ್ಲ, ವಿಕಿರಣದ್ದೇ ಒಂದು ಬಗೆ. ಇದರಲ್ಲಿ ಎಕ್ಸ್-ಕಿರಣದ ಬದಲು ಪರಮಾಣುವಿನೊಳಗಿನ ಸೂಕ್ಷ್ಮ ಕಣಗಳನ್ನು ಬಿಡುತ್ತೇವೆ. ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ರಾಬರ್ಟ್ ವಿಲ್ಸನ್ ಎಂಬ ಭೌತವಿಜ್ಞಾನಿ, ಈ ಕಣಗಳನ್ನು ಚಿಕಿತ್ಸೆಗೆ ಬಳಸಬಹುದು ಎಂದು 1946ರಲ್ಲಿಯೇ ಬರೆದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಕೊಟ್ಟರು. 1990ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಆಸ್ಪತ್ರೆಯೊಳಗೇ ಇದಕ್ಕೆ ಕೇಂದ್ರ ಬಂತು. ನಮ್ಮ ದೇಶದಲ್ಲಿ 2019ರಲ್ಲಿ ಚೆನ್ನೈಯ ಅಪೊಲೊ ಆರಂಭಿಸಿತು. ನವಿ ಮುಂಬೈಯ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕದ ಕೇಂದ್ರದಲ್ಲಿ 2023ರಿಂದ ಕೊಡುತ್ತಿದ್ದಾರೆ.

ಐಎಂಆರ್‌ಟಿಯಲ್ಲಿ ಬಳಸುವ ಎಕ್ಸ್-ಕಿರಣಕ್ಕೂ ಪ್ರೋಟಾನ್‌ಗೂ ಇರುವ ವ್ಯತ್ಯಾಸವನ್ನು ನಿಮಗೆ ತೋಟದ ಮೂಲಕವೇ ಹೇಳಬಹುದು. ಕೊಳೆರೋಗಕ್ಕೆ ಮದ್ದು ಬಿಡುವಾಗ ಗನ್ನಿನಿಂದ ಹೊರಟ ದ್ರಾವಣ ಗೊನೆಯನ್ನು ತೋಯಿಸಿ, ಉಳಿದದ್ದು ಆಚೆಗಿನ ಮರಕ್ಕೂ ಬೀಳುತ್ತದೆ. ಎಕ್ಸ್-ಕಿರಣದ ಸ್ವಭಾವ ಹಾಗೆಯೇ. ಚರ್ಮದಿಂದ ಒಂದೆರಡು ಸೆಂಟಿಮೀಟರ್ ಒಳಗೆ ಅದರ ಬಲ ಹೆಚ್ಚು, ಮುಂದೆ ಹೋದಂತೆ ಕುಗ್ಗುತ್ತದೆ, ಆದರೆ ದೇಹದ ಇನ್ನೊಂದು ಬದಿಯಿಂದ ಹೊರಬೀಳುವವರೆಗೂ ಪೂರ್ತಿ ನಿಲ್ಲುವುದಿಲ್ಲ. ಪ್ರೋಟಾನ್‌ಗೆ ತೂಕವಿದೆ, ವಿದ್ಯುದಂಶವಿದೆ. ಅದು ದೇಹದೊಳಗೆ ವೇಗ ಕಳೆದುಕೊಳ್ಳುತ್ತಾ ಹೋಗಿ, ನಿಲ್ಲುವ ಮೊದಲಿನ ಕೆಲವು ಮಿಲಿಮೀಟರುಗಳಲ್ಲಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಬಿಟ್ಟುಬಿಡುತ್ತದೆ. ಅದರಾಚೆ ಬಹುತೇಕ ಏನೂ ಇಲ್ಲ. ಇದನ್ನು ಬ್ರ್ಯಾಗ್ ಶಿಖರ ಎನ್ನುತ್ತೇವೆ. ಎಷ್ಟು ಆಳದಲ್ಲಿ ನಿಲ್ಲಬೇಕು ಎಂಬುದನ್ನು ಯಂತ್ರದಲ್ಲಿ ಶಕ್ತಿ ಹೆಚ್ಚು ಕಡಿಮೆ ಮಾಡಿ ನಿರ್ಧರಿಸುತ್ತೇವೆ. ಇದಕ್ಕೆ ವೇಗವರ್ಧಕ ಬೇಕು, ರೋಗಿಯ ಸುತ್ತ ತಿರುಗುವ ನೂರಾರು ಟನ್ ತೂಕದ ಚೌಕಟ್ಟು ಬೇಕು, ಎರಡು ಮೀಟರಿಗೂ ದಪ್ಪದ ಕಾಂಕ್ರೀಟ್ ಗೋಡೆ ಬೇಕು. ನಿಮಗೆ ಹೇಳಿದ ಖರ್ಚಿನ ದೊಡ್ಡ ಪಾಲು ಇಂಥವಕ್ಕೆ ಹೋಗುತ್ತದೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬಲದಲ್ಲಿ ಪ್ರೋಟಾನ್ ಎಕ್ಸ್-ಕಿರಣಕ್ಕಿಂತ ಸುಮಾರು ಶೇ 10 ಮಾತ್ರ ಹೆಚ್ಚು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಡೋಸ್ ಸರಿಹೊಂದಿಸುವುದರಿಂದ, ಕೊನೆಗೆ ಗಡ್ಡೆಗೆ ಬೀಳುವ ಪೆಟ್ಟು ಎರಡರಲ್ಲೂ ಒಂದೇ. ಪ್ರೋಟಾನ್‌ನ ಲಾಭ ಇರುವುದು ಪಕ್ಕದ ಆರೋಗ್ಯವಂತ ಭಾಗಗಳನ್ನು ಉಳಿಸುವುದರಲ್ಲಿ.

ಆ ಲಾಭ ಪ್ರಾಣದಷ್ಟೇ ಮುಖ್ಯವಾಗುವ ಸಂದರ್ಭಗಳಿವೆ. ಮಕ್ಕಳ ಮೆದುಳು ಮತ್ತು ಬೆನ್ನುಹುರಿಯ ಕ್ಯಾನ್ಸರ್ ಅವುಗಳಲ್ಲಿ ಮೊದಲನೆಯದು. ಬೆನ್ನುಹುರಿಯ ಉದ್ದಕ್ಕೂ ವಿಕಿರಣ ಕೊಡಬೇಕಾದಾಗ ಎಕ್ಸ್-ಕಿರಣ ಮುಂಭಾಗದ ಹೃದಯ, ಕರುಳು, ಥೈರಾಯ್ಡ್‌ಗಳನ್ನೂ ಮುಟ್ಟಿ ಹೋಗುತ್ತದೆ, ಪ್ರೋಟಾನ್ ಬೆನ್ನೆಲುಬಿನ ಬಳಿಯೇ ನಿಲ್ಲುತ್ತದೆ. ಮುಂದೆ ಅರವತ್ತು ವರ್ಷ ಬಾಳಬೇಕಾದ ಮಗುವಿಗೆ ಅದು ಸಣ್ಣ ವಿಷಯವಲ್ಲ. ತಲೆಬುರುಡೆಯ ತಳದ ಕಾರ್ಡೋಮಾದಂಥ ಅಪರೂಪದ ಗಡ್ಡೆಗಳು, ಕಣ್ಣಿನ ನರಕ್ಕೆ ಅಂಟಿಕೊಂಡ ಮೂಗಿನ ಸೈನಸ್‌ನ ಕ್ಯಾನ್ಸರ್, ಒಮ್ಮೆ ವಿಕಿರಣ ಪಡೆದ ಜಾಗಕ್ಕೆ ಮತ್ತೆ ಕೊಡಬೇಕಾದ ಸ್ಥಿತಿ ಇವೂ ಆ ಸಾಲಿಗೆ ಸೇರುತ್ತವೆ. ಇಂಥ ರೋಗಿಯ ಮನೆಯವರು ಕೇಳಿದ್ದರೆ, ಹೇಗಾದರೂ ಮಾಡಿ ಹೋಗಿ ಎಂದು ನಾನೇ ಕಾಗದ ಬರೆದುಕೊಡುತ್ತಿದ್ದೆ.

ಇನ್ನು ನಿಮ್ಮ ತಂದೆಯ ಬಲಗೆನ್ನೆ. ಇಲ್ಲಿಯೂ ಪ್ರೋಟಾನ್‌ಗೆ ಹೇಳಿಕೊಳ್ಳುವಂಥ ಒಂದು ಅನುಕೂಲವಿದೆ. ಒಂದೇ ಬದಿಗೆ ವಿಕಿರಣ ಕೊಡುವುದಾದರೆ ಎಡಗೆನ್ನೆ, ನಾಲಿಗೆಯ ಎಡಭಾಗ, ಆ ಬದಿಯ ಜೊಲ್ಲುಗ್ರಂಥಿಗಳಿಗೆ ಬೀಳುವ ಡೋಸ್ ಚೆನ್ನಾಗಿ ಕಡಿಮೆಯಾಗುತ್ತದೆ. ಹಿಂದಿನ ರೋಗಿಗಳ ದಾಖಲೆ ತೆಗೆದು ನೋಡಿದ ಅಧ್ಯಯನಗಳಲ್ಲಿ, ಹೀಗೆ ಒಂದು ಬದಿಗೆ ಪ್ರೋಟಾನ್ ಪಡೆದವರಲ್ಲಿ ಬಾಯಿಹುಣ್ಣು, ರುಚಿ ಕೆಡುವುದು, ವಾಕರಿಕೆ ಕಡಿಮೆಯಿದ್ದವು. ಅದೇ ಅಧ್ಯಯನಗಳಲ್ಲಿ ಚರ್ಮದ ಸುಡುವಿಕೆ ಹೆಚ್ಚಿತ್ತು ಎಂಬುದನ್ನು ವೀಡಿಯೊಗಳು ಹೇಳುವುದಿಲ್ಲ. ಕೆನ್ನೆಯ ಗಡ್ಡೆ ಚರ್ಮಕ್ಕೆ ಹತ್ತಿರ. ಎಕ್ಸ್-ಕಿರಣಕ್ಕೆ ಮೇಲ್ಚರ್ಮವನ್ನು ಸ್ವಲ್ಪ ಬಿಟ್ಟುಕೊಟ್ಟು ಒಳಗೆ ಬಲಗೊಳ್ಳುವ ಗುಣವಿದೆ, ಪ್ರೋಟಾನ್‌ಗೆ ಆ ಗುಣ ಕಡಿಮೆ.

ಇನ್ನೊಂದು ತೊಡಕು, ಪ್ರೋಟಾನ್ ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕವೇ ತುಸು ಆಚೀಚೆ ಆಗಬಲ್ಲದು. ಯೋಜನೆ ಮಾಡುವಾಗಲೇ ಆಳದ ಮೂರು, ಮೂರೂವರೆ ಪ್ರತಿಶತದಷ್ಟು ಅನಿಶ್ಚಿತತೆಗೆ ಜಾಗ ಇಟ್ಟುಕೊಳ್ಳುತ್ತೇವೆ. ದವಡೆಯಲ್ಲಿ ಟೈಟಾನಿಯಂ ಪ್ಲೇಟ್ ಇದ್ದರೆ, ಹಲ್ಲಿಗೆ ಲೋಹದ ಕ್ಯಾಪ್ ಇದ್ದರೆ, ಸ್ಕ್ಯಾನ್ ಚಿತ್ರ ಕೆಟ್ಟು ಆ ಲೆಕ್ಕ ಇನ್ನಷ್ಟು ಕಷ್ಟವಾಗುತ್ತದೆ. ಊಟ ಸೇರದೆ ರೋಗಿ ನಾಲ್ಕೈದು ಕಿಲೋ ಇಳಿದರೆ ಮುಖ, ಕತ್ತು ಸೊರಗಿ, ಮೊದಲು ಹಾಕಿದ ಲೆಕ್ಕದ ಜಾಗಕ್ಕಿಂತ ಆಚೆ ಹೋಗಿ ಪ್ರೋಟಾನ್ ನಿಲ್ಲುತ್ತದೆ. ಆಗ ಮತ್ತೆ ಸ್ಕ್ಯಾನ್ ಮಾಡಿ ಮತ್ತೆ ಯೋಜಿಸಬೇಕು. ಎಕ್ಸ್-ಕಿರಣದಲ್ಲೂ ಈ ಸಮಸ್ಯೆ ಇದೆ, ಆದರೆ ಇಷ್ಟು ನಾಜೂಕಲ್ಲ.

‘ಹಳೆಯ ಕರೆಂಟ್ ಯಂತ್ರ ಸುಡುತ್ತದೆ’ ಎಂಬ ಮಾತಿಗೆ ಒಂದು ಹಿನ್ನೆಲೆಯಿದೆ. ಕೋಬಾಲ್ಟ್ ಯಂತ್ರದ ಕಾಲದಲ್ಲಿ ಎರಡು ಬದಿಯಿಂದ ನೇರವಾಗಿ ಕಿರಣ ಬಿಟ್ಟು ಚಿಕಿತ್ಸೆ ಮಾಡಿಸಿಕೊಂಡವರು ನಿಮ್ಮೂರಿನಲ್ಲೂ ಇದ್ದಾರು. ಅವರ ಕಪ್ಪಾದ ಕತ್ತು, ಜೀವಮಾನವಿಡೀ ಒಣಗಿದ ಬಾಯಿಯನ್ನು ಕಂಡವರು ಈ ಮಾತು ಹೇಳಿದರೆ ತಪ್ಪಲ್ಲ. ನಿಮ್ಮ ತಂದೆಗೆ ಹೇಳಿರುವ ಐಎಂಆರ್‌ಟಿ ಅದಲ್ಲ. ಇದರಲ್ಲಿ ಹಲವು ಕೋನಗಳಿಂದ, ಪ್ರತಿ ಕೋನದಲ್ಲೂ ಬೇರೆ ಬೇರೆ ತೀವ್ರತೆಯಲ್ಲಿ ಕಿರಣ ಬಿಟ್ಟು ಜೊಲ್ಲುಗ್ರಂಥಿಯನ್ನು ತಪ್ಪಿಸುತ್ತೇವೆ. ಗಂಟಲ ಕ್ಯಾನ್ಸರ್ ರೋಗಿಗಳ ಮೇಲೆ ಬ್ರಿಟನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಬಾಯಿ ಒಣಗಿ ತೊಂದರೆಪಡುತ್ತಿದ್ದವರು ಹಳೆಯ ವಿಧಾನದಲ್ಲಿ ಶೇ 74, ಐಎಂಆರ್‌ಟಿಯಲ್ಲಿ ಶೇ 38. ನಾನು ಈ ವೃತ್ತಿಯಲ್ಲಿ ಕಂಡ ದೊಡ್ಡ ನೆಗೆತ ಇದೇ. ಇದರ ಮುಂದೆ ಪ್ರೋಟಾನ್ ಇನ್ನೊಂದು ಹೆಜ್ಜೆ ಇಟ್ಟಿದೆಯೇ ಎಂಬುದಕ್ಕೆ ಗಂಟಲ ಕ್ಯಾನ್ಸರಿನಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು ಒಂದೇ ಉತ್ತರ ಕೊಟ್ಟಿಲ್ಲ. ಅಮೆರಿಕದ ಪ್ರಯೋಗದಲ್ಲಿ ಪ್ರೋಟಾನ್ ಪಡೆದವರಿಗೆ ಆಹಾರದ ನಳಿಕೆಯ ಅಗತ್ಯ ಕಡಿಮೆ ಬಂತು. ಬ್ರಿಟನ್‌ನ ಪ್ರಯೋಗದಲ್ಲಿ ಒಂದು ವರ್ಷದ ನಂತರ ರೋಗಿಗಳ ಬದುಕಿನ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರದು ವೈರಸ್‌ನಿಂದ ಬರುವ ಗಂಟಲ ಕ್ಯಾನ್ಸರ್. ಅಡಿಕೆ, ಹೊಗೆಸೊಪ್ಪಿನಿಂದ ಬರುವ ನಮ್ಮ ಕೆನ್ನೆಯ ಕ್ಯಾನ್ಸರಿಗೆ ಅದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಶಸ್ತ್ರಚಿಕಿತ್ಸೆ ಆದ ಕೆನ್ನೆಯ ಕ್ಯಾನ್ಸರಿನಲ್ಲಿ ಪ್ರೋಟಾನ್ ಕೊಟ್ಟರೆ ಹೆಚ್ಚು ಜನ ಬದುಕುತ್ತಾರೆ ಎಂದು ತೋರಿಸುವ ಪುರಾವೆ ನನ್ನ ಮುಂದೆ ಇಲ್ಲ.

ಪ್ರೋಟಾನ್ ಆದರೂ ಮಾಸ್ಕ್ ತಪ್ಪದು, ವಾರಕ್ಕೆ ಐದು ದಿನದಂತೆ ಆರು ವಾರ ತಪ್ಪದು, ಬಲಭಾಗದ ಬಾಯಿಹುಣ್ಣು ತಪ್ಪದು. ಗಡ್ಡೆಯಿದ್ದ ಜಾಗಕ್ಕೆ ಬೀಳಬೇಕಾದ ಡೋಸ್ ಬೀಳಲೇಬೇಕಲ್ಲ. ಅಡ್ಡಪರಿಣಾಮವೇ ಇಲ್ಲ ಎನ್ನುವವರು ಚಿಕಿತ್ಸೆ ಕೊಟ್ಟವರಲ್ಲ, ಮಾರುವವರು.

‘ಹಂತ 4ಎ’ ಎಂಬುದನ್ನು ಓದಿ ನಿಮ್ಮ ಮನೆಯಲ್ಲಿ ಎಲ್ಲ ಮುಗಿಯಿತು ಎಂಬ ಭಾವನೆ ಬಂದಿರಬಹುದು, ತೋಟ ಮಾರುವ ಮಾತಿನ ಹಿಂದೆ ಅದೂ ಇರಬಹುದು. ಬಾಯಿಯ ಕ್ಯಾನ್ಸರಿನಲ್ಲಿ ಒಂದೇ ಬದಿಯ ಎರಡು ಗ್ರಂಥಿಗಳಿಗೆ ರೋಗ ಬಂದರೆ ಸಾಕು, ಲೆಕ್ಕದ ಪ್ರಕಾರ 4ಎ ಆಗುತ್ತದೆ. ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡಿದ ನಾಲ್ಕನೇ ಹಂತ ಬೇರೆ, ಅದನ್ನು 4ಸಿ ಎನ್ನುತ್ತೇವೆ. 4ಎ ಇರುವವರಿಗೆ ನಾವು ಚಿಕಿತ್ಸೆ ಕೊಡುವುದು ಗುಣಪಡಿಸುವ ಉದ್ದೇಶದಿಂದಲೇ. ಕೀಮೋ ಬೇಡ ಎಂದದ್ದೂ ಕೈಬಿಟ್ಟದ್ದಕ್ಕಲ್ಲ. ಅಂಚಿನಲ್ಲಿ ರೋಗ ಉಳಿದಿದ್ದರೆ ಅಥವಾ ಗ್ರಂಥಿಯ ಕವಚ ಒಡೆದಿದ್ದರೆ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಸೇರಿಸುತ್ತೇವೆ. ನಿಮ್ಮ ವರದಿಯಲ್ಲಿ ಎರಡೂ ಇಲ್ಲ. ವೈದ್ಯರು ಸರಿಯಾಗಿಯೇ ಹೇಳಿದ್ದಾರೆ.

ಎಂಡೋಸಲ್ಫಾನ್ ಬಗ್ಗೆ ಎಣ್ಮಕಜೆಯವರಿಗೆ ಹೊರಗಿನವರು ಹಗುರವಾಗಿ ಮಾತಾಡಬಾರದು. ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್ ಹಾರಿದ್ದನ್ನು ಕಂಡವರು ನೀವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ಹೊತ್ತಿಗೆ ನಿಮ್ಮ ನೆರೆಹೊರೆ ತೆರಬೇಕಾದದ್ದನ್ನು ತೆತ್ತಾಗಿತ್ತು. ಆದರೆ ಕೆನ್ನೆಯ ಒಳಗಿನ ಈ ಕ್ಯಾನ್ಸರಿಗೆ, ದಶಕಗಳ ಕಾಲ ಅದೇ ಜಾಗದಲ್ಲಿ ಒತ್ತಿಟ್ಟುಕೊಂಡ ಎಲೆ ಅಡಿಕೆ, ಹೊಗೆಸೊಪ್ಪು ಎಂಬ ನೇರ ಕಾರಣ ಕಣ್ಣೆದುರಿಗೇ ಇದೆ. ಕಾರಣ ಯಾವುದೇ ಇರಲಿ, ಕೀಟನಾಶಕದಿಂದ ಬಂದದ್ದಕ್ಕೆ ಒಂದು ವಿಕಿರಣ, ಅಡಿಕೆಯಿಂದ ಬಂದದ್ದಕ್ಕೆ ಇನ್ನೊಂದು ಎಂಬ ವಿಂಗಡಣೆ ವೈದ್ಯಶಾಸ್ತ್ರದಲ್ಲಿ ಇಲ್ಲ.

ಈಗ ನಿಮ್ಮ ಎದುರಿಗಿರುವ ದಾರಿಗಳು. ಮಂಗಳೂರಿನಲ್ಲಿಯೇ ಐಎಂಆರ್‌ಟಿ ಆರಂಭಿಸುವುದು ನನ್ನ ಮೊದಲ ಆಯ್ಕೆ. ಶಸ್ತ್ರಚಿಕಿತ್ಸೆ ಮಾಡಿದವರು ಅಲ್ಲಿಯೇ ಇದ್ದಾರೆ, ಸಮಯವೂ ಹೊಂದುತ್ತದೆ. ಪೆರ್ಲದಿಂದ ಬಸ್ಸಿನಲ್ಲಿ ದಿನಾ ಹೋಗಿ ಬರುವುದು ಮೊದಲ ಎರಡು ವಾರ ನಡೆದೀತು, ಮೂರನೇ ವಾರದಿಂದ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿಯಿರಿ. ಸುಸ್ತಾಯಿತೆಂದು ನಡುವೆ ನಾಲ್ಕು ದಿನ ತಪ್ಪಿಸುವುದು ತಡವಾಗಿ ಆರಂಭಿಸಿದಷ್ಟೇ ಕೆಟ್ಟದ್ದು. ಕೇರಳದ ಆರೋಗ್ಯ ಕಾರ್ಡು ಗಡಿಯಾಚೆ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ವಿಮಾ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ನಡೆಯುವುದಿಲ್ಲ, ಕೈಯಿಂದ ಕಟ್ಟುವುದು ಕಷ್ಟ ಎಂದಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಒಳ್ಳೆಯ ದಾರಿ. ಕಾಸರಗೋಡಿನಿಂದ ನೇರ ರೈಲು ಇದೆ. ಅಲ್ಲಿನ ಅಪಾಯವೆಂದರೆ ಸರದಿ. ಆರನೇ ವಾರದೊಳಗೆ ಯಂತ್ರ ಸಿಗುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡೇ ಕಾಗದಪತ್ರ ವರ್ಗಾಯಿಸಿ.

ಪ್ರೋಟಾನ್ ಬಗ್ಗೆ ಮನಸ್ಸಿನಲ್ಲಿ ಕೊರಗು ಉಳಿಯಬಾರದು ಎಂದಿದ್ದರೆ ಎರಡನೇ ಅಭಿಪ್ರಾಯ ಪಡೆಯಿರಿ, ಆದರೆ ಅಪ್ಪನನ್ನು ಹೊತ್ತುಕೊಂಡು ಓಡಬೇಡಿ. ಬಯಾಪ್ಸಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅಂತಿಮ ವರದಿ, ಸ್ಕ್ಯಾನ್ ಸಿಡಿ ಇವನ್ನು ಮೊದಲು ಕಳುಹಿಸಿ. ಟಾಟಾ ಸ್ಮಾರಕದ ತಜ್ಞರ ಅಭಿಪ್ರಾಯ ‘ನವ್ಯಾ’ ಎಂಬ ಆನ್‌ಲೈನ್ ಸೇವೆಯ ಮೂಲಕವೂ ಸಿಗುತ್ತದೆ. ಚೆನ್ನೈಯವರಿಗೆ ಒಂದೇ ಪ್ರಶ್ನೆ ಕೇಳಿ: ಈ ರೋಗಿಗೆ ಎರಡೂ ಬಗೆಯ ಯೋಜನೆ ಮಾಡಿ ಹೋಲಿಸಿದರೆ ಯಾವ ಅಡ್ಡಪರಿಣಾಮ ಎಷ್ಟು ತಗ್ಗುತ್ತದೆ? ನೆದರ್ಲೆಂಡ್ಸ್‌ನಲ್ಲಿ ಹೀಗೆ ಹೋಲಿಸಿ, ಲಾಭ ನಿಗದಿತ ಮಟ್ಟ ದಾಟಿದರೆ ಮಾತ್ರ ಪ್ರೋಟಾನ್ ಕೊಡುತ್ತಾರೆ. ಉತ್ತರ ಅಂಕಿಯಲ್ಲಿ ಬರಬೇಕು, ‘ಬಹಳ ಒಳ್ಳೆಯದು’ ಎಂಬ ಮಾತಿನಲ್ಲಿ ಅಲ್ಲ. ಖಾಸಗಿ ವಿಮೆ ಇದ್ದರೆ ಇಂಥ ಆಧುನಿಕ ಚಿಕಿತ್ಸೆಗೆ ಇಷ್ಟೇ ಹಣ ಎಂಬ ಒಳಮಿತಿ ಇದೆಯೇ ಎಂದು ಬರಹದಲ್ಲಿ ಪಡೆಯಿರಿ. ಹೋಗುವುದೇ ಎಂದಾದರೆ ಚೆನ್ನೈಗೆ ಕಾಸರಗೋಡಿನಿಂದ ಮೇಲ್, ವೆಸ್ಟ್ ಕೋಸ್ಟ್ ರೈಲುಗಳಿವೆ. ಖಾರ್ಘರ್‌ಗಾದರೆ ನೇತ್ರಾವತಿ ರೈಲಿನಲ್ಲಿ ಹೋಗಿ ಪನ್ವೇಲ್‌ನಲ್ಲಿ ಇಳಿದರೆ ಹತ್ತಿರ. ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆ ರಿಯಾಯಿತಿ ಕೊಡುತ್ತದೆ, ಆಸ್ಪತ್ರೆಯಿಂದ ಅದರ ಫಾರಂ ಕೇಳಿ. ಆದರೆ ಆರು ವಾರದ ಬಾಡಿಗೆ, ಊಟ, ಜೊತೆಗಿರುವವರ ಕೆಲಸದ ನಷ್ಟವನ್ನೂ 25 ಲಕ್ಷಕ್ಕೆ ಸೇರಿಸಿ ನೋಡಿ. 42ನೇ ದಿನದೊಳಗೆ ಆರಂಭಿಸುತ್ತೇವೆ ಎಂಬ ಭರವಸೆ ಸಿಗದಿದ್ದರೆ ಆ ದಾರಿ ಬೇಡ. ತಡವಾದ ಪ್ರೋಟಾನ್‌ಗಿಂತ ಸಮಯಕ್ಕೆ ಸಿಕ್ಕ ಐಎಂಆರ್‌ಟಿ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಯಾವ ಯಂತ್ರವೇ ಆಗಲಿ, ಮುಂದೆ ಬರುವುದನ್ನು ತಿಳಿದುಕೊಂಡಿರಿ. ಎರಡನೇ ವಾರದ ಕೊನೆಗೆ ಬಾಯಿ ಉರಿಯಲು ಶುರುವಾಗುತ್ತದೆ, ಜೊಲ್ಲು ಅಂಟಂಟಾಗುತ್ತದೆ, ಬಲಗೆನ್ನೆಯ ಗಡ್ಡ ಉದುರುತ್ತದೆ, ಚರ್ಮ ಕಪ್ಪಾಗುತ್ತದೆ. ತಲೆಗೂದಲೆಲ್ಲ ಉದುರುವುದಿಲ್ಲ. ಮುಗಿದ ಮೇಲೂ ಎರಡು ವಾರ ಹುಣ್ಣು ಜೋರಾಗಿಯೇ ಇರುತ್ತದೆ, ಆಮೇಲೆ ಇಳಿಯುತ್ತದೆ. ರುಚಿ ಮರಳಲು ತಿಂಗಳುಗಳು ಬೇಕು. ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಅರೆದು ತುಪ್ಪ ಹಾಕಿ ಕೊಡಿ, ಮೊಟ್ಟೆ ತಿನ್ನುವವರಾದರೆ ಅದನ್ನೂ ಕೊಡಿ. ಬರೀ ಗಂಜಿತಿಳಿಯಲ್ಲಿ ಆರು ವಾರ ಕಳೆಯಲು ಆಗುವುದಿಲ್ಲ. ತೂಕ ಇಳಿಯುತ್ತಿದ್ದರೆ ವೈದ್ಯರು ಮೂಗಿನ ನಳಿಕೆ ಹಾಕೋಣ ಎನ್ನುತ್ತಾರೆ, ಅದನ್ನು ಸೋಲೆಂದು ತಿಳಿಯಬೇಡಿ. ಬಾಯಿ ತೆರೆಯುವ ವ್ಯಾಯಾಮವನ್ನು ಮಾತ್ರ ನೋವಿದ್ದರೂ ಬಿಡುವಂತಿಲ್ಲ, ಅಡಿಕೆ ತಿಂದು ಮೊದಲೇ ಬಿಗಿದ ದವಡೆ ವಿಕಿರಣದ ನಂತರ ಇನ್ನೂ ಬಿಗಿಯುತ್ತದೆ. ಚಿಕಿತ್ಸೆ ನಡೆಯುವಾಗ ಅವರಿಂದ ಮನೆಯ ಮಕ್ಕಳಿಗೆ ಯಾವ ವಿಕಿರಣವೂ ತಾಗುವುದಿಲ್ಲ, ಮೊಮ್ಮಕ್ಕಳನ್ನು ದೂರ ಇಡಬೇಡಿ.

ಎಲೆ ಅಡಿಕೆಯ ಪ್ರಶ್ನೆಯನ್ನು ನೀವು ಸಣ್ಣದು ಎಂದಿದ್ದೀರಿ. ನನಗೆ ಅದು ಪ್ರೋಟಾನ್‌ಗಿಂತ ದೊಡ್ಡದು. ಹೊಗೆಸೊಪ್ಪಿಲ್ಲದೆಯೂ ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬರೀ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಅದರ ಈ ತೀರ್ಮಾನ 2004ರದು. ಅಡಿಕೆ ಬೆಳೆದು ಬದುಕುವ ಊರಿಗೆ ಇದು ಹಿತವಾದ ಮಾತಲ್ಲ ಎಂದು ಬಲ್ಲೆ, ನನ್ನ ರೋಗಿಗಳಲ್ಲಿ ಎಷ್ಟೋ ಮಂದಿ ಬೆಳೆಗಾರರೇ. ಆದರೆ ಬಲಗೆನ್ನೆಯಲ್ಲಿ ಕ್ಯಾನ್ಸರ್ ಬಂದ ಬಾಯಿಯ ಎಡಗೆನ್ನೆಯೂ ಅಷ್ಟೇ ವರ್ಷ ಅದೇ ರಸವನ್ನು ಕಂಡಿದೆ. ವಿಕಿರಣ ಮುಗಿಸಿ ಗುಣವಾದವರು ಮತ್ತೆ ಅಡಿಕೆ ಹಾಕಿ, ಇನ್ನೊಂದು ಬದಿಯ ಹೊಸ ಗಡ್ಡೆಯೊಡನೆ ಬಂದದ್ದನ್ನು ನೋಡಿದ್ದೇನೆ. ಆ ಸಲ ಕೊಡಲು ನಮ್ಮ ಬಳಿ ಹೆಚ್ಚಿಗೆ ಏನೂ ಉಳಿದಿರುವುದಿಲ್ಲ.

ಮಾಸ್ಕ್‌ಗೆ ದಿನಾಂಕ ಸಿಕ್ಕಿದ ಕೂಡಲೇ, ಸಾಧ್ಯವಾದರೆ ನಾಳೆಯೇ, ಅಪ್ಪನನ್ನು ದಂತವೈದ್ಯರ ಬಳಿ ಕರೆದುಕೊಂಡು ಹೋಗಿ. ಹುಳುಕು ಹಲ್ಲು ಕೀಳಬೇಕಿದ್ದರೆ ವಿಕಿರಣಕ್ಕೆ ಮೊದಲೇ ಕೀಳಬೇಕು, ಆ ಗಾಯ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬೇಕು, ನಿಮ್ಮ ಬಳಿ ಇರುವುದು 18. ವಿಕಿರಣ ಪಡೆದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಎಲುಬೇ ಕೊಳೆಯುವ ಅಪಾಯವಿದೆ. ಅಮ್ಮನೂ ಎಲೆ ಅಡಿಕೆ ತಿನ್ನುತ್ತಾರೆ ಎಂದು ಬರೆದಿದ್ದೀರಿ. ಅದೇ ದಿನ ಅವರನ್ನೂ ಕರೆದುಕೊಂಡು ಹೋಗಿ ಎರಡೂ ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆಗಳಿವೆಯೇ, ಬಾಯಿ ಮೂರು ಬೆರಳಿನಷ್ಟು ತೆರೆಯುತ್ತದೆಯೇ ಎಂದು ನೋಡಲು ಹೇಳಿ.